ಗಾಲಿಗೆ ಕೊಟ್ಟ ಕಲ್ಲು

ನಮ್ಮ ಕಾಲದ ಬಸ್ಸುಗಳಲ್ಲಿ ಹ್ಯಾಂಡ್ ಬ್ರೇಕ್ ಇತ್ತು. ಅದು ಹಿಡಿಯುತ್ತಿತ್ತೇ ಎಂದು ಕೇಳಿದರೆ ಮಾತ್ರ ನಾನು ಆ ಕಡೆ ಈ ಕಡೆ ನೋಡುತ್ತೇನೆ. ಇಳಿಜಾರಿನಲ್ಲಿ ಬಸ್ಸು ನಿಂತಿತೆಂದರೆ ಡ್ರೈವರ್ ಕುತ್ತಿಗೆ ಕೂಡ ತಿರುಗಿಸದೆ "ಕಲ್ಲು ಕೊಡು ಲೇ" ಎಂದು ಕೂಗುತ್ತಿದ್ದ. ಕಂಡಕ್ಟರ್ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಹೊರಡುವಾಗ ಆ ಕಲ್ಲನ್ನು ಎತ್ತಿ ಹಿಂದಿನ ಸೀಟಿನ ಕೆಳಗೆ ದೂಡಬೇಕು, ಆಮೇಲೆ ಸೀಟಿ ಊದಬೇಕು. ಟಿಕೀಟು ಹರಿಯುವುದನ್ನು ನನಗೆ ಕೂರಿಸಿಕೊಂಡು ಕಲಿಸಿದ್ದರು; ಕಲ್ಲು ಕೊಡುವುದನ್ನು ಯಾರೂ ಕಲಿಸಲಿಲ್ಲ. ಅದಕ್ಕೇ ಇರಬೇಕು, ನನ್ನ ನೌಕರಿಯ ಅತಿ ದೊಡ್ಡ ತಪ್ಪು ಆ ಕೆಲಸದಲ್ಲೇ ಆಯಿತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಲಿಂಗಸುಗೂರಿನಿಂದ ಮಸ್ಕಿ ಮೇಲೆ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ದಿನಕ್ಕೆ ಎರಡು ಸಲ ಹೋಗಿ ಎರಡು ಸಲ ಬರುವುದು. ಡ್ರೈವರ್ ನನಗಿಂತ ಹತ್ತು ವರ್ಷ ದೊಡ್ಡವನು; ಬಾಯಿ ತುಂಬ ಎಲೆಯಡಿಕೆ, ಮಾತು ತುಂಬ ಕುಹಕ. ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಸಿಟ್ಟು ಬಂದರೂ ಪ್ರೀತಿ ಬಂದರೂ "ಲೇ" ಒಂದೇ. ನಮ್ಮಿಬ್ಬರ ಜೊತೆಗೆ ಬೆಳಗಿನ ಬಸ್ಸಿಗೆ ತಪ್ಪದೆ ಹತ್ತುತ್ತಿದ್ದವರು ವಿಜ್ಞಾನದ ಮಾಸ್ತರರು. ಮನೆ ಲಿಂಗಸುಗೂರಿನಲ್ಲಿ, ಹೈಸ್ಕೂಲು ಮಸ್ಕಿಯಲ್ಲಿ. ನನ್ನ ಪಕ್ಕದಲ್ಲೇ ಕೂತು ಟಪಾಲಿನಲ್ಲಿ ಬರುತ್ತಿದ್ದ ಒಂದು ಇಂಗ್ಲಿಷ್ ಮಾಸಿಕ ಓದುತ್ತಿದ್ದರು. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲ. ಮಸ್ಕಿ ಬರುವಷ್ಟರಲ್ಲಿ ಯಾರಿಗಾದರೂ ಹೇಳಲೇಬೇಕು, ಆ ಯಾರಾದರೂ ಎಂದರೆ ನಾನು.

ಒಂದು ಬೆಳಿಗ್ಗೆ ಅವರು ಪತ್ರಿಕೆ ಮಡಚಿ ಹೇಳಿದರು: "ಕಂಡಕ್ಟರ್ ಸಾಹೇಬ್ರ, ಚಂದ್ರನ ಕಲ್ಲು ಭೂಮಿಗೆ ಬಿದ್ದಾವಂತ್ರಿ."

"ಯಾರು ಒಗದ್ರಂತ ಸರ್?"

"ಯಾರೂ ಒಗದಿಲ್ಲ ಮಾರಾಯ್ರ. ದೊಡ್ಡ ಕಲ್ಲೊಂದು ಹೋಗಿ ಚಂದ್ರಗ ಬಡದೈತಿ, ಅಲ್ಲಿಂದ ಚೂರು ಸಿಡದಾವ. ಸಿಡದಾವು ತಿರುಗಿ ತಿರುಗಿ ನಮ್ಮ ಕಡೆ ಬಂದು ಬಿದ್ದಾವ. ದಕ್ಷಿಣ ಧ್ರುವದ ಹಿಮದಾಗ ಸಿಕ್ಕಾವ. ಚಂದ್ರನ ಮ್ಯಾಲ ಹೋಗಿ ಬಂದವರು ತಂದ ಕಲ್ಲಿನ ಜೋಡಿ ಇಟ್ಟು ನೋಡ್ಯಾರ, ಬರೋಬರಿ ಅದ ಕಲ್ಲು. ಇಡೀ ಜಗತ್ತಿನಾಗ ಕೈಬೆರಳಿನಾಗ ಎಣಸೋವಷ್ಟ ಅದಾವ."

"ಅಲ್ಲಿ ಬಿದ್ರ ನಮಗೇನು ಬಂತ್ರಿ?"

"ಅಲ್ಲಿ ಬಿದ್ದಾವಂದ್ರ ಇಲ್ಲೂ ಬಿದ್ದಿರಬೇಕಲ್ಲ! ಮ್ಯಾಲಿಂದ ಬೀಳೋ ಕಲ್ಲಿಗೆ ಧ್ರುವ ಯಾವುದು, ಲಿಂಗಸುಗೂರು ಯಾವುದು ಅಂತ ಗೊತ್ತಿರ್ತೈತೇನ್ರಿ?"

ಈ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿತು. ನನಗೆ ಮೊದಲಿನಿಂದಲೂ ಏನಾದರೂ ಕೂಡಿಡುವ ಚಟ. ಬೆಂಕಿಪೊಟ್ಟಣದ ಚೀಟಿ ಕೂಡಿಟ್ಟೆ. ಹಳೆಯ ಬೀಗ ಕೂಡಿಟ್ಟೆ. ಒಂದಕ್ಕೂ ಕೀಲಿ ಇರಲಿಲ್ಲ. ಹಬ್ಬಕ್ಕೆ ಮನೆ ಸಾರಿಸುವಾಗಲೆಲ್ಲ ಹೆಂಡತಿ ಒಂದೊಂದನ್ನು ಹೊರಗೆ ಹಾಕಿದಳು. ಕಲ್ಲಾದರೆ ಅಷ್ಟು ಸುಲಭವಾಗಿ ಎತ್ತಿ ಹಾಕಲಾರಳು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಆಸೆ ಹುಟ್ಟಿತು. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಇರುವ ವಸ್ತು ಒಂದು ನನ್ನ ಕೈಯಲ್ಲಿದ್ದರೆ ಹೇಗಿರುತ್ತದೆ? ಟಿಕೀಟು, ಚರ್ಮದ ಚೀಲ, ಸೀಟಿ ಬಿಟ್ಟರೆ ಆ ಕೈ ಅಲ್ಲಿಯವರೆಗೆ ಹೇಳಿಕೊಳ್ಳುವಂಥದ್ದೇನೂ ಹಿಡಿದಿರಲಿಲ್ಲ.

ಮಾಸ್ತರರು ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಒಂದು ಸೂಜಿಗಲ್ಲು ಕಿತ್ತು ತಂದುಕೊಟ್ಟರು. ದುಂಡಗಿತ್ತು, ನಡುವೆ ತೂತು, ದಾರ ಕಟ್ಟಿ ಇಳಿಬಿಡಲು ಅನುಕೂಲ. "ಆಕಾಶದ ಕಲ್ಲಿನಾಗ ಕಬ್ಬಿಣ ಇರ್ತೈತ್ರಿ. ಇದಕ್ಕ ಹತ್ತಿತಂದ್ರ ಮ್ಯಾಲಿಂದು, ಹತ್ತಲಿಲ್ಲಂದ್ರ ನೆಲದ್ದು" ಎಂದು ಕಾಯಿದೆ ಹೇಳಿದರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಅಂದು ಸಂಜೆಯ ಹೊತ್ತಿಗೆ ನನ್ನ ಬೀಗದ ಕೈ, ಪಿನ್ನು, ಹೆಂಡತಿಯ ಹೊಲಿಗೆಯ ಸೂಜಿ ಎಲ್ಲ ಅದಕ್ಕೆ ಅಂಟಿಕೊಂಡಿದ್ದವು. ಒಂದು ಕಲ್ಲು ಮಾತ್ರ ಇನ್ನೂ ಅಂಟಿರಲಿಲ್ಲ.

ಕಂಡಕ್ಟರನಿಗಿರುವ ಒಂದು ಅನುಕೂಲ ಯಾವ ವಿಜ್ಞಾನಿಗೂ ಇಲ್ಲ. ಹತ್ತಾರು ಊರಿನ ಜನ ತಾವಾಗಿಯೇ ಬಂದು ಅವನ ಮುಂದೆ ಕೈ ಚಾಚುತ್ತಾರೆ. ಟಿಕೀಟು ಕೊಡುತ್ತ ಕೇಳತೊಡಗಿದೆ: "ನಿಮ್ಮ ಹೊಲದಾಗ ಮ್ಯಾಲಿಂದ ಬಿದ್ದ ಕಲ್ಲು ಏನರ ಐತೇನ್ರಿ?" ಜನ ನಗುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ನಗಲಿಲ್ಲ. "ಐತಿ, ನಾಳಿಗೆ ತರ್ತೀನಿ" ಎಂದರು.

ಅವರು ಹೇಳುತ್ತಿದ್ದದ್ದು ಸಿಡ್ಲಮರಿಯನ್ನು. ಸಿಡಿಲು ಬಿದ್ದಲ್ಲಿ ನೆಲ ಹೊಕ್ಕ ಅದರ ಮರಿ ಎಂದು ನಮ್ಮ ಕಡೆಯ ನಂಬಿಕೆ. ಅಂಗೈ ಅಗಲದ ನುಣುಪು ಕಲ್ಲು, ಒಂದು ಅಂಚು ಚೂಪು. ಉಳುವಾಗ ಸಿಕ್ಕರೆ ಮನೆಗೆ ತಂದು ಗೋಡೆಯ ಮಾಡದಲ್ಲಿ ಇಡುತ್ತಾರೆ, ಎಮ್ಮೆ ಹಾಲು ಬಿಡದಿದ್ದರೆ ಅದನ್ನು ತೊಳೆದ ನೀರು ಕುಡಿಸುತ್ತಾರೆ. ಇದು ನನಗೆ ಗೊತ್ತಿತ್ತು. ಆದರೆ ಮನೆ ಬಿಟ್ಟು ಮನೆಗೆ ಒಂದು ಇದೆ ಎಂದು ಗೊತ್ತಿರಲಿಲ್ಲ. ದೇವರೆಂದು ಇಟ್ಟುಕೊಂಡ ದೊಡ್ಡ ದುಂಡು ಕಲ್ಲುಗಳನ್ನೂ ಕೆಲವರು ತಂದರು; ಒಂದು ತಿಂಗಳಲ್ಲಿ ಹಿಂದಿನ ಸೀಟಿನ ಕೆಳಗೆ ಕಾಲಿಡಲು ಜಾಗವಿಲ್ಲ. ಡ್ರೈವರ್ ಪ್ರತಿ ಕಲ್ಲಿಗೂ "ಚಂದ್ರಗ ಲಗೇಜ್ ಟಿಕೀಟ್ ಹರದೀಯೇನಲೇ?" ಎಂದು ಕೇಳುವುದನ್ನು ರೂಢಿ ಮಾಡಿಕೊಂಡ.

ಮಾಸ್ತರರು ಸಿಡ್ಲಮರಿಗಳನ್ನು ಕಂಡವರೇ ತಲೆಯಾಡಿಸಿದರು. "ಇವು ಕೊಡ್ಲಿ ರೀ. ಕಬ್ಬಿಣ ಗೊತ್ತಿಲ್ಲದ ಕಾಲದಾಗ ಮಂದಿ ಕಲ್ಲು ತಿಕ್ಕಿ ತಿಕ್ಕಿ ಮಾಡಿಕೊಂಡಾವು. ಮಸ್ಕಿ ಗುಡ್ಡದ ಸುತ್ತ ಸಾವಿರಾರು ವರ್ಷದ ಹಿಂದ ಇದ್ದ ಮಂದೀವು." ನಾನು ಇದನ್ನು ಕಲ್ಲು ಕೊಟ್ಟ ಒಬ್ಬ ರೈತನಿಗೆ ಹೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕೊಡ್ಲಿ ಅಂತಿ, ಕಾವು ಎಲ್ಲೈತಿ ಹಂಗಾರ?" ಎಂದ. ಹಿಡಿಯಿಲ್ಲದ ಆ ಕೊಡಲಿಯನ್ನು ಸೀಟಿನ ಕೆಳಗೆ ದೂಡಿ ನಾನು ಟಿಕೀಟು ಹರಿದೆ.

ಕೊಡಲಿಗಳೆಂದು ಗೊತ್ತಾದ ಮೇಲೂ ಯಾರ ಕಲ್ಲನ್ನೂ ಬೇಡ ಎನ್ನಲಿಲ್ಲ. ಕೊಟ್ಟದ್ದನ್ನು ಬೇಡ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಎಲ್ಲವನ್ನೂ ಮನೆಗೆ ಹೊತ್ತು ತಂದು ಹಣ್ಣಿನ ಪೆಟ್ಟಿಗೆಗಳಲ್ಲಿ ಹಾಕಿ, ಒಂದೊಂದರ ಮೇಲೂ ಸೀಮೆಸುಣ್ಣದಿಂದ "ಹತ್ತಿತು" ಅಥವಾ "ಹತ್ತಲಿಲ್ಲ" ಎಂದು ಬರೆದೆ. ಬಹಳ ಶಾಸ್ತ್ರೋಕ್ತವಾಗಿ ಮಾಡುತ್ತಿದ್ದೇನೆ ಎಂಬ ಹೆಮ್ಮೆ ನನಗೆ.

"ಹತ್ತಿತು" ಎಂದು ಬರೆಸಿಕೊಂಡ ಮೊದಲ ಕಲ್ಲು ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಹಮಾಲ ತಂದದ್ದು. ಕರಿ ಗಟ್ಟಿ, ಮೈಯೆಲ್ಲ ತೂತು. ಸೂಜಿಗಲ್ಲು ಅದಕ್ಕೆ ಫಟ್ಟನೆ ಅಂಟಿತು. ಮಾಸ್ತರರು ಮರುದಿನವೇ ರಜೆ ಹಾಕಿ ನನ್ನ ಜೊತೆ ಸಿಂಧನೂರಿಗೇ ಬಂದು, ಇದು ಬಿದ್ದ ಜಾಗ ತೋರಿಸಪ್ಪ ಎಂದರು. ಹಮಾಲ ನಮ್ಮನ್ನು ಗಿರಣಿಯ ಬಾಯ್ಲರಿನ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಅಂಥದ್ದೇ ಕರಿ ಗಟ್ಟಿಗಳ ದಿಬ್ಬ ಬಿದ್ದಿತ್ತು. ಒಲೆಯ ಕಬ್ಬಿಣದ ಸರಳು ಕರಗಿ ಬೂದಿಯೊಳಗೆ ಸೇರಿಕೊಂಡ ಕಿಟ್ಟ.

"ಮ್ಯಾಲಿಂದ ಬಿದ್ದೈತಿ ಅಂದೆಲ್ಲೋ?" ಎಂದರು ಮಾಸ್ತರರು.

"ಹೌದ್ರಿ. ಬಂಡಿ ಮ್ಯಾಲಿಂದ ಸುರೀತೀವಲ್ರಿ" ಎಂದ ಅವನು.

ವಾಪಸು ಬರುವಾಗ ಮಾಸ್ತರರು ಪತ್ರಿಕೆ ಬಿಚ್ಚಲಿಲ್ಲ. ಡ್ರೈವರ್ ಮಸ್ಕಿಯವರೆಗೆ ಒಬ್ಬನೇ ನಗುತ್ತ ಗಾಡಿ ಹೊಡೆದ.

ಆ ದಿನಗಳಲ್ಲೇ ಕುರಿಯವರ ಅವ್ವ ನಮ್ಮ ಬಸ್ಸಿಗೆ ಬರತೊಡಗಿದಳು. ಮಸ್ಕಿ ದಾಟಿದ ಮೇಲೆ ಗುಡ್ಡದ ಬುಡದಲ್ಲಿ ಒಂದು ದೊಡ್ಡಿ ಇದೆ, ಹತ್ತು ಹನ್ನೆರಡು ಮನೆಯ ಕುರುಬರ ಕೇರಿ. ಅವಳ ಮನೆ ಅಲ್ಲಿ. ಕಾಲುವೆ ನೀರಿನ ಗದ್ದೆಗಳಲ್ಲಿ ಭತ್ತ ಕೊಯ್ದಾದ ಮೇಲೆ ರೈತರು ಗೊಬ್ಬರಕ್ಕಾಗಿ ಕುರಿ ತರುಬಿಸುತ್ತಾರೆ, ಎಂದರೆ ರಾತ್ರಿ ಮಂದೆಯನ್ನು ಗದ್ದೆಯಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಅವಳ ಗಂಡ, ಮಕ್ಕಳು ಗೊರೇಬಾಳದ ಕಡೆ ಕುರಿ ಹಟ್ಟಿ ಹಾಕಿಕೊಂಡು ಇರುತ್ತಿದ್ದರು. ಅವರಿಗೆ ರೊಟ್ಟಿಯ ಗಂಟು ಒಯ್ಯಲು ಅವಳು ದಿನ ಬಿಟ್ಟು ದಿನ ಬಸ್ಸು ಹತ್ತುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ಧ್ವನಿಯಿಂದ ಗುರುತಿಸುತ್ತಿದ್ದಳು.

ನನ್ನ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಬೇರೆಯವರಂತೆ ಇರಲಿಲ್ಲ. "ನಮ್ಮ ಮನ್ಯಾಗೂ ಒಂದೈತಿ ತಮ್ಮಾ. ಆದ್ರ ಅದು ಸಿಡ್ಲಮರಿ ಅಲ್ಲ."

"ಮತ್ತೇನವ್ವಾ?"

"ಸಿಡ್ಲ ಇರಲಿಲ್ಲ. ನಮ್ಮ ಅತ್ತಿ ಅಪ್ಪ ಕಣ್ಣ ಮುಟ್ಟ ಕಂಡಾನ. ಮಟಮಟ ಮಧ್ಯಾಹ್ನ, ಮುಗಲಾಗ ಒಂದು ಮೋಡ ಇಲ್ಲ. ಬಂಡಿ ಬಂಡಿಗಲ್ಲಿನ ಮ್ಯಾಲ ಉರುಳಿದಂಗ ಸಪ್ಪಳ ಆತಂತ. ಹೋಗಿ ನೋಡಿದ್ರ ಕುರಿ ಹಟ್ಟ್ಯಾಗ ಈ ಕಲ್ಲು. ಒಂದು ಕುರಿಗೂ ತಾಕಿಲ್ಲ. ಅದಕ್ಕ ದೇವರಂತ ಇಟ್ಕೊಂಡೀವಿ. ಹಡಿಯೋರಿಗೆ ತೊಳದ ನೀರು ಕೊಡ್ತೀವಿ. ಈ ಮಟ ನಮ್ಮನ್ಯಾಗ ಹಡಿಯೂದ್ರಾಗ ಯಾರಿಗೂ ಕೆಟ್ಟಾಗಿಲ್ಲ."

ಮೋಡವಿಲ್ಲದ ಮಧ್ಯಾಹ್ನ ಎಂದ ಕೂಡಲೇ, ಒಂದು ಸಲ ಕೊಡವ್ವ, ನಮ್ಮ ಮಾಸ್ತರರಿಗೆ ತೋರಿಸಿ ಕೊಡುತ್ತೇನೆ ಎಂದು ಬೆನ್ನು ಬಿದ್ದೆ. ಆಗುವುದಿಲ್ಲ ಎಂದಳು. ಎರಡು ತಿಂಗಳು ಬೆನ್ನು ಬಿದ್ದೆ. ಕಡೆಗೆ ಒಂದು ದಿನ ಕಂಬಳಿಯ ತುಂಡಿನಲ್ಲಿ ಸುತ್ತಿದ ಕಲ್ಲನ್ನು ತಲೆಯ ಬುಟ್ಟಿಯಲ್ಲಿ ಹೊತ್ತು ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ನನ್ನ ಮಗಳು ಚೊಚ್ಚಲ ಹಡ್ಯಾಕ ಬಂದಾಳ. ಇನ್ನ ತಿಂಗಳೊಪ್ಪತ್ತು ಐತಿ. ಅದರೊಳಗ ಇದು ನನ್ನ ಮನಿ ಮುಟ್ಟಬೇಕು. ದಿನಾ ಕೇಳೋ ದನಿ ನಿಂದು, ಅದಕ್ಕ ಭರೋಸಾ ಇಟ್ಟು ಕೊಡಾಕತ್ತೀನಿ."

"ಮುಟ್ಟತೈತವ್ವಾ. ನನ್ನ ನೌಕರಿ ಮ್ಯಾಲ ಆಣಿ" ಎಂದೆ. ಆಣೆ ಮಾಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಸಿಪ್ಪೆ ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡ ಕಲ್ಲು. ಪೂಜೆಯ ಎಣ್ಣೆ, ಭಂಡಾರದ ಅರಿಸಿನ ಹತ್ತಿದ ಪದರ ಕೆರೆದು ನೋಡಿದರೆ ಒಳಗೆ ರೊಟ್ಟಿ ಹೆಂಚಿನ ತಳದಂಥ ತೆಳ್ಳನೆಯ ಕರಿ ಸಿಪ್ಪೆ. ಒಂದು ಮೂಲೆ ಒಡೆದಿತ್ತು. ಅಲ್ಲಿ ಬೂದಿ ಬಣ್ಣ, ಅದರಲ್ಲಿ ನುಚ್ಚಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಮಾಸ್ತರರಿಗೆ ಬೇಸಿಗೆ ರಜೆ, ಹೆಂಡತಿಯ ತವರಿಗೆ ಹೋಗಿದ್ದರು. ನಾನೇ ದಾರ ಇಳಿಬಿಟ್ಟೆ. ಸೂಜಿಗಲ್ಲು ಕಲ್ಲಿನ ಮೇಲೆ ತೂಗಾಡಿತು, ಅಂಟಲಿಲ್ಲ. ತಿರುಗಿಸಿ ಮುರುಗಿಸಿ ನಾಲ್ಕು ಕಡೆ ನೋಡಿದೆ. ಅಂಟಲೇ ಇಲ್ಲ. ಎರಡು ತಿಂಗಳ ಆಸೆ ಇಳಿದುಹೋಯಿತು. ಸಿಟ್ಟು ಬಂತು, ಮುದುಕಿಯ ಅತ್ತೆಯ ಅಪ್ಪನ ಮೇಲೆ. ನಾಡದ್ದು ಅವಳು ಬಂದಾಗ ಕೊಟ್ಟರಾಯಿತೆಂದು ಕಲ್ಲನ್ನು ಹಿಂದಿನ ಸೀಟಿನ ಕೆಳಗೆ ದೂಡಿದೆ.

ಮರುದಿನ ಮಸ್ಕಿಯಲ್ಲಿ ಬಸ್ಸು ಎಂದಿನ ಇಳಿಜಾರಿನಲ್ಲಿ ನಿಂತಿತು. "ಕಲ್ಲು ಕೊಡು ಲೇ" ಎಂಬ ಕೂಗು ಬಂತು. ಸೀಟಿನ ಕೆಳಗೆ ಕೈ ಹಾಕಿದೆ. ನಮ್ಮ ಮಾಮೂಲಿ ಕಲ್ಲನ್ನು ಹಿಂದಿನ ದಿನ ಎಲ್ಲೋ ಬಿಟ್ಟಿದ್ದೆವು. ಕೈಗೆ ಸಿಕ್ಕಿದ್ದು ಕಂಬಳಿಯ ಗಂಟು. ಬಸ್ಸು ಹಿಂದೆ ಜಾರತೊಡಗಿತ್ತು. ಕಂಬಳಿ ಬಿಚ್ಚಿ ಕಲ್ಲನ್ನು ಗಾಲಿಗೆ ಕೊಟ್ಟೆ. ಚಂದ ಹಿಡಿಯಿತು. ಅಷ್ಟರಲ್ಲಿ ಲಗ್ನದ ಮಂದಿ ಬಂದು ಮುಗಿಬಿದ್ದರು. ಹಾಸಿಗೆ, ಹಂಡೆ, ಬ್ಯಾಂಡಿನವರ ಡೊಳ್ಳು, ಅಜ್ಜಿಯರು. ಅವರನ್ನು ಒಳಗೆ ತುರುಕುವುದರಲ್ಲಿ ನನಗೆ ಮೈಮೇಲೆ ಖಬರಿರಲಿಲ್ಲ. ಸೀಟಿ ಊದಿದೆ, ಬಸ್ಸು ಹೊರಟಿತು. ಸೀಟಿನ ಮೇಲೆ ಖಾಲಿ ಕಂಬಳಿಯ ತುಂಡು ಕಂಡದ್ದು ಗೊರೇಬಾಳದ ಹತ್ತಿರ.

ತಿರುಗಿ ಮಸ್ಕಿ ಮುಟ್ಟುವಷ್ಟರಲ್ಲಿ ಮೂರು ತಾಸಾಗಿತ್ತು. ಅಲ್ಲಿ ರಸ್ತೆಯ ಗುಂಡಿ ಮುಚ್ಚುವ ಕೆಲಸ ನಡೆದಿತ್ತು. ಸಿಕ್ಕ ಕಲ್ಲುಗಳನ್ನೆಲ್ಲ ಗುಂಡಿಗೆ ತುಂಬಿ, ಒಡೆದು, ಮಣ್ಣು ಹಾಕಿ, ರೋಲರ್ ಹೊಡೆದು ಮುಗಿಸಿದ್ದರು. ನಮ್ಮ ಕಡೆ ಸರ್ಕಾರಿ ಕೆಲಸ ಅಷ್ಟು ಜಲ್ದಿ ಆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಅವ್ವ ಪ್ರತಿ ಸಲ ಕೇಳುತ್ತಿದ್ದಳು. "ಮಾಸ್ತರ್ರು ಊರಾಗಿಲ್ಲವ್ವಾ" ಎಂದೆ. "ಇನ್ನಾ ಬಂದಿಲ್ಲವ್ವಾ" ಎಂದೆ. ದಿನಗಳು ಹತ್ತಿರ ಬಂದವು. ಕಳ್ಳನ ಜೀವ ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಆ ದೊಡ್ಡಿಯ ಸ್ಟಾಪು ಬಂದರೆ ನಾನು ಬಸ್ಸಿನ ಮುಂದಿನ ತುದಿಗೆ ಹೋಗಿ ನಿಲ್ಲುತ್ತಿದ್ದೆ. ಒಂದು ದಿನ ಅವಳು ಬರಲಿಲ್ಲ, ಬದಲು ಅವಳ ಗಂಡ ಬಂದು, "ಮಗಳಿಗೆ ಹೊಟ್ಟಿನೋವು ಸುರು ಆಗೈತಿ, ಕಲ್ಲು ಇವತ್ತ ಬೇಕಂತ" ಎಂದ.

ಮಧ್ಯಾಹ್ನ ಲಿಂಗಸುಗೂರಿಗೆ ಬಂದವನು ಮನೆಗೆ ಓಡಿದೆ. ಪೆಟ್ಟಿಗೆಗಳನ್ನು ಬೋರಲು ಹಾಕಿ, ಅಷ್ಟೇ ಗಾತ್ರದ, ಅಷ್ಟೇ ಕರಿಯಾದ ಒಂದು ಕಲ್ಲು ಹುಡುಕಿದೆ. "ಹತ್ತಲಿಲ್ಲ" ಎಂಬ ಅಕ್ಷರ ಒರೆಸಿದೆ. ಸುತ್ತಿಗೆಯಿಂದ ಒಂದು ಮೂಲೆ ಒಡೆದೆ. ಎಣ್ಣೆ ಹಚ್ಚಿ, ಭಂಡಾರ ಬಳಿದು, ಅವಳದೇ ಕಂಬಳಿಯಲ್ಲಿ ಸುತ್ತಿದೆ. ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

ಸ್ಟಾಪಿನಲ್ಲಿ ಅವ್ವನೇ ನಿಂತಿದ್ದಳು. ಗಂಟನ್ನು ಕೈಗೆ ಕೊಟ್ಟೆ. ಬಿಚ್ಚಿ ನೋಡುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಚ್ಚಲೇ ಇಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು, "ಪುಣ್ಯಾ ಬರಲಿ ತಮ್ಮಾ" ಎಂದು ಹೇಳಿ ಓಡುನಡಿಗೆಯಲ್ಲಿ ಹೋದಳು. ಆಗ ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ? ನಾನು ಎಂಥ ಹಲ್ಕಟ್ಟು ಮನುಷ್ಯ ಎಂದು ನನಗೇ ಅನ್ನಿಸಿತು.

ಹೆಣ್ಣು ಕೂಸು ಹುಟ್ಟಿತು. ತಾಯಿ ಮಗಳು ಇಬ್ಬರೂ ಗಟ್ಟಿ. ಅವ್ವ ನಮಗೆ ಮೆತ್ತನೆಯ ರೊಟ್ಟಿ, ಗುರೆಳ್ಳು ಹಿಂಡಿ, ಒಂದು ತಂಬಿಗೆ ಗಿಣ್ಣ ತಂದಳು. ಡ್ರೈವರ್ ಗಿಣ್ಣ ತಿಂದು ಬೆರಳು ನೆಕ್ಕಿದ. ನಾನು ನನ್ನ ಪಾಲಿನ ಗಿಣ್ಣವನ್ನೂ ಅವನ ಕಡೆಗೇ ಸರಿಸಿದೆ. ಆಮೇಲೆ ಆ ಕಲ್ಲಿನ ಕೀರ್ತಿ ಹಬ್ಬಿತು. ಮಾಸ್ತರ್ರು ತಪಾಸ್ ಮಾಡಿ ಕಳಿಸಿದ ಕಲ್ಲು ಎಂದು ಬೇರೆ ಕೇರಿಯವರೂ ಅದರ ನೀರಿಗೆ ತಂಬಿಗೆ ಹಿಡಿದು ಬರುತ್ತಿದ್ದಾರೆಂದು ಅವಳು ಹೆಮ್ಮೆಯಿಂದ ಹೇಳುತ್ತಿದ್ದಳು. ನಾನು ಟಿಕೀಟಿನ ಮೇಲೆ ತೂತು ಹಾಕುತ್ತ ಹೂಂ ಹೂಂ ಎನ್ನುತ್ತಿದ್ದೆ.

ವರ್ಷ ಕಳೆಯಿತು. ತೊಂಬತ್ತರ ದಶಕ ಬಂದಿತ್ತು. ಒಂದು ಬೆಳಿಗ್ಗೆ ಮಾಸ್ತರರು ಬಸ್ಸು ಹತ್ತುತ್ತಲೇ ನನ್ನ ತೋಳು ಹಿಡಿದರು. ಇನ್ನೊಂದು ಕೈಯಲ್ಲಿ ಪತ್ರಿಕೆಯ ಹೊಸ ಸಂಚಿಕೆ ಇತ್ತು. "ಸಾಹೇಬ್ರ, ತಪ್ಪಾಗೈತ್ರಿ. ಚಂದ್ರನ ಕಲ್ಲಿನಾಗ ಕಬ್ಬಿಣ ಇರೂದ ಇಲ್ಲಂತ. ಇದ್ರೂ ಇಲ್ಲದಷ್ಟ. ಉಳಿದ ಆಕಾಶದ ಕಲ್ಲು ಸೂಜಿಗಲ್ಲಿಗೆ ಹತ್ತತಾವು, ಚಂದ್ರಂದು ಹತ್ತೂದಿಲ್ಲ. ಮ್ಯಾಲ ತೆಳ್ಳಗ ಕರಿ ಸಿಪ್ಪಿ, ಒಳಗ ಬೂದಿ ಬಣ್ಣ, ಅದರಾಗ ಬಿಳಿ ಬಿಳಿ ಚುಕ್ಕಿ..."

ಅವರು ಓದುತ್ತಲೇ ಇದ್ದರು. ನನಗೆ ಕೇಳಿಸಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕತೆ ನಮ್ಮದು. ಆ ಕೂಸನ್ನು ನಾನು ಬಸ್ಸಿನ ಗಾಲಿಗೆ ಕೊಟ್ಟಿದ್ದೆ. ಅಂದು ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಶಾಲೆಗೆ ಹೋಗದೆ ಮಸ್ಕಿಯ ಆ ಇಳಿಜಾರಿನಲ್ಲಿ ಕೊಡೆ ಮಡಚಿ ಅದರ ತುದಿಯಿಂದ ರಸ್ತೆಯ ಅಂಚು ಕೆದರುತ್ತ ಸಂಜೆಯವರೆಗೆ ಅಡ್ಡಾಡಿದರು. ನಂತರದ ಎಷ್ಟೋ ಭಾನುವಾರ ನಾವಿಬ್ಬರೂ ಅಡ್ಡಾಡಿದೆವು. ಆ ಕಲ್ಲು ಇವತ್ತಿಗೂ ಸಿಕ್ಕಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ, ಕಾಯಿಸುವುದಿಲ್ಲ. ಅದು ಚಂದ್ರನದೇ ಆಗಿತ್ತೇ ಎಂದು ಆಣೆ ಮಾಡಿ ಹೇಳಲೂ ಆರೆ. ಡ್ರೈವರ್ ಮಾತ್ರ ಆ ಜಾಗ ಬಂದಾಗಲೆಲ್ಲ ಗೇರು ಬದಲಿಸಿ, "ಚಂದ್ರನ ಮ್ಯಾಲ ಬಸ್ ಹೊಡದ ಮದಲ ಡ್ರೈವರ್ ನಾನ ನೋಡಲೇ" ಎನ್ನುತ್ತಿದ್ದ.

ಮಾಸ್ತರರಿಗೆ ಒಂದು ದಾರಿ ಹೊಳೆಯಿತು. ಅಂಥ ಕಲ್ಲು ಬೀಳುವಾಗ ಒಡೆದು ನಾಲ್ಕಾರು ಚೂರಾಗಿ ಬೀಳುತ್ತದೆ. ಆ ಹಟ್ಟಿ ಇದ್ದ ಜಾಗವನ್ನು ಅವ್ವ ತೋರಿಸಿದರೆ ಇನ್ನೊಂದು ಚೂರು ಸಿಕ್ಕೀತು. ಆದರೆ ಕಲ್ಲು ಅವಳ ಮಾಡದಲ್ಲೇ ಇದೆ ಎಂದು ಅವಳು ನಂಬಿರುವಾಗ ಜಾಗ ಕೇಳಿದರೆ, ಅದೇಕೆ ಈಗ ಎಂದು ಅವಳು ಕೇಳದೆ ಇರುತ್ತಾಳೆಯೇ? ನಿಜ ಹೇಳಲೇಬೇಕು. ಒಂದು ವರ್ಷ ಅವಳ ರೊಟ್ಟಿ ತಿಂದು ಹೇಳದವನು, ಚಂದ್ರನ ಆಸೆಗೆ ಹೇಳಲು ಹೊರಟೆ. ಇದರಲ್ಲಿ ನನ್ನ ದೊಡ್ಡಸ್ತಿಕೆ ಏನೂ ಇಲ್ಲ.

ನನ್ನ ವಾರದ ರಜೆಯ ದಿನ ಇಬ್ಬರೂ ದೊಡ್ಡಿಗೆ ಹೋದೆವು. ಅವ್ವ ಕಟ್ಟೆಯ ಮೇಲೆ ಕೂತು ಕದರಿನಲ್ಲಿ ಉಣ್ಣೆ ನೂಲುತ್ತಿದ್ದಳು. ಮೊಮ್ಮಗಳು ಉಣ್ಣೆಯ ರಾಶಿಯಲ್ಲಿ ಉರುಳಾಡುತ್ತಿದ್ದಳು. ನನ್ನ ದನಿ ಕೇಳಿ ಅವಳ ಮುಖ ಅರಳಿತು. ನಾನು ಎದುರು ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ: ಗಾಲಿಗೆ ಕೊಟ್ಟದ್ದು, ಮರೆತದ್ದು, ಪೆಟ್ಟಿಗೆಯಿಂದ ಬೇರೆ ಕಲ್ಲು ತೆಗೆದದ್ದು, ಮೂಲೆ ಒಡೆದದ್ದು. ಹೇಳುತ್ತ ಹೇಳುತ್ತ ಅಳು ಬಂತು.

ಅವ್ವನ ಕೈಯಲ್ಲಿ ಕದರು ನಿಂತಿತ್ತು. ಬೈಯುತ್ತಾಳೆ, ಕಲ್ಲು ಕೇಳುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ಒಳಗೆ ಹೋದಳು. ಮಾಡದಿಂದ ಕಲ್ಲು ತಂದು ನನ್ನ ಮುಂದೆ ಇಟ್ಟಳು.

"ಹಂಗಾರ ಇದು ಯಾರ್ದು?"

"ಯಾರೋ ಬಸ್ಸಿನಾಗ ಕೊಟ್ಟಿದ್ರವ್ವಾ."

"ಯಾರು?"

ನನಗೆ ನೆನಪಿರಲಿಲ್ಲ. ಹೆಂಗಸೋ ಗಂಡಸೋ ಎಂಬುದೂ ನೆನಪಿರಲಿಲ್ಲ.

"ಅವರ ಮನ್ಯಾಗೂ ಇದರ ನೀರು ಕೊಡತಿದ್ರೋ ಏನೋ. ಈ ವರ್ಷೊಪ್ಪತ್ತು ಅವರು ಏನ ಮಾಡಿದ್ರು? ನಾವು ಇಲ್ಲಿ ಊರಿಗೆಲ್ಲ ಹಂಚೀವಿ." ಅವಳು ಕಲ್ಲನ್ನು ನನ್ನ ಕಡೆ ಸರಿಸಿದಳು. "ನೀ ಕಲ್ಲು ನೋಡೀದಿ ತಮ್ಮಾ, ಕೊಟ್ಟವರ ಮಾರಿ ನೋಡಿಲ್ಲ. ಒಯ್ಯಿ. ಮದಲ ಇದನ್ನ ಅವರಿಗೆ ಮುಟ್ಟಿಸು. ನಂದು ಆಮ್ಯಾಲ ಕೇಳ್ತೀನಿ."

ಹಟ್ಟಿಯ ಜಾಗ ಕೇಳಲು ಮಾಸ್ತರರಿಗೂ ಬಾಯಿ ಬರಲಿಲ್ಲ.

ಮನೆಗೆ ಬಂದು ಪೆಟ್ಟಿಗೆ ತೆರೆದೆ. ಹತ್ತಲಿಲ್ಲ, ಹತ್ತಲಿಲ್ಲ, ಹತ್ತಿತು, ಹತ್ತಲಿಲ್ಲ. ಒಂದರ ಮೇಲೂ ಒಂದು ಊರಿನ ಹೆಸರಿಲ್ಲ, ಮನುಷ್ಯರ ಹೆಸರಿಲ್ಲ. ಮರುದಿನದಿಂದ ಆ ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ಪ್ರತಿ ಸೀಟಿಗೂ ತೋರಿಸುತ್ತ ಹೋದೆ: "ಇದು ನಿಮ್ಮದೇನ್ರಿ?" ಬೇರೆ ಕಲ್ಲುಗಳನ್ನೂ ದಿನಕ್ಕೆ ನಾಲ್ಕರಂತೆ ತಂದೆ. ಕೆಲವರು ಗುರುತು ಹಿಡಿದು ನಗುತ್ತ ಒಯ್ದರು. ಕಾವು ಕೇಳಿದ ರೈತ, "ಚಂದ್ರ ವಾಪಸ್ ಕಳಿಸಿದ್ನೇನು?" ಎಂದು ಕೇಳಿ ತನ್ನ ಕೊಡಲಿಯನ್ನು ಟವೆಲಿನಲ್ಲಿ ಕಟ್ಟಿಕೊಂಡ. ಈ ಒಂದಕ್ಕೆ ಮಾತ್ರ ಯಾರೂ ಬರಲಿಲ್ಲ. ಒಂದು ಬೆಳೆ ಹೋಗಿ ಇನ್ನೊಂದು ಬೆಳೆಗೆ ನಾಟಿ ಹಚ್ಚುವ ಕಾಲ ಬಂತು.

ಅಂದು ಸಿಂಧನೂರಿನಿಂದ ತಿರುಗಿ ಬರುವಾಗ ಬಸ್ಸಿನ ತುಂಬ ನಾಟಿಯ ಹೆಂಗಸರು, ಕಾಲಿನಲ್ಲಿ ಇನ್ನೂ ಕೆಸರು. ನಾನು ಕಲ್ಲು ಎತ್ತಿ ತೋರಿಸಿದೆ. ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬಳು ಕೈ ಮುಂದೆ ಚಾಚಿದಳು. ಕಲ್ಲನ್ನು ತೆಗೆದುಕೊಂಡು, ಸೆರಗಿನಿಂದ ಎಣ್ಣೆ ಭಂಡಾರ ಒರೆಸಿ, ಒಡೆದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದಳು. "ಇದು ಒಡದಿರಲಿಲ್ಲ" ಎಂದಳು.

"ನಿಮ್ಮದೇನವ್ವಾ? ವರ್ಷಾತು ನಾನು ಹುಡುಕಾಕತ್ತು. ನೀವರ ಒಂದು ಮಾತು ಕೇಳಬಾರದಾ?"

"ಕೇಳೀನ್ರಿ. ನಮ್ಮ ಎಮ್ಮಿಗೆ ಕರ ಅಡ್ಡ ಬಂದಿತ್ತು. ಅವತ್ತ ಮುಂಜಾನಿ ಒಮ್ಮೆ, ಮಧ್ಯಾಹ್ನ ಒಮ್ಮೆ ಇದ ಬಸ್ಸ ಹತ್ತಿ ಕೇಳೀನಿ, ನಮ್ಮ ಕಲ್ಲು ಕೊಡ್ರಿ ಅಂತ. ಗದ್ದಲಿತ್ತು. ನೀವು ಟಿಕೀಟ್ ಹರಕೋಂತ 'ಮುಂದ ಹೋಗ್ರಿ, ಮುಂದ ಜಾಗಾ ಐತಿ' ಅಂದ್ರಿ."

"ಮತ್ತ ನೀವು?"

"ಮುಂದ ಹೋದೆ."

ಬಸ್ಸು ಗೊರೇಬಾಳದಲ್ಲಿ ನಿಂತಿತು. ಹೆಂಗಸರು ಇಳಿಯತೊಡಗಿದರು. ಅವಳು ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕದಿಂದಲೇ ಬಾಗಿಲಿಗೆ ಬಂದಳು.

"ಎಮ್ಮಿ ಏನಾತವ್ವಾ?" ಎಂದೆ.

ಅವಳು ಮೆಟ್ಟಿಲ ಮೇಲೆ ನಿಂತು ನನ್ನ ಮುಖ ನೋಡಿದಳು. "ಈಗ ಕೇಳಾಕತ್ತೀರೇನ್ರಿ?" ಎಂದು ಹೇಳಿ ಇಳಿದು ಹೋದಳು.